ಎಂಟು ಮಿಲಿಮೀಟರ್ ರೀಲುಗಳನ್ನು ಮನೆಯಲ್ಲೇ ಇಳಿಸುವ ಯಂತ್ರ: ಒಬ್ಬರೇ ಕೊಳ್ಳಬೇಡಿ

ಹಳೆಯ ಮನೆ ಸಿನಿಮಾ ರೀಲುಗಳನ್ನು ಟಿವಿಯಲ್ಲಿ ನೋಡಬಹುದಾದ ವಿಡಿಯೋ ಫೈಲಾಗಿ ಇಳಿಸುವ ಈ ಯಂತ್ರ ನಮಗೆ ಬಿದ್ದದ್ದು 38,000 ರೂಪಾಯಿಗೆ. ಒಬ್ಬನೇ ಕೊಂಡಿದ್ದರೆ ದುಬಾರಿ ಎಂದು ಬರೆಯುತ್ತಿದ್ದೆ. ಮೂರು ಮನೆಯವರು ದುಡ್ಡು ಕೂಡಿಸಿದ್ದರಿಂದ ತಕರಾರಿಲ್ಲ. ಬೀದರಿನ ಚೌಬಾರಾ ಹತ್ತಿರ ನನ್ನ ಸೋದರಮಾವನ ಸ್ಟುಡಿಯೋ ಇತ್ತು. ಅವರು ತೀರಿಕೊಂಡ ಮೇಲೆ ಅತ್ತೆಯ ಮನೆಯ ಅಟ್ಟದಲ್ಲಿ ಒಂದು ಕಬ್ಬಿಣದ ಟ್ರಂಕು ಉಳಿಯಿತು. ಅದರ ತುಂಬ ರೀಲು, ನೆಗೆಟಿವ್, ಸ್ಲೈಡು. ಎರಡನೆಯ ಪಾಲುದಾರರು ಉದ್ಗೀರ್ ರಸ್ತೆಯ ಒಬ್ಬ ಡಾಕ್ಟರರ ಮನೆಯವರು. ಲಂಡನ್ನಿನಿಂದ ಮಾವನಿಗೆ ಕ್ಯಾಮೆರಾ ತಂದುಕೊಟ್ಟಿದ್ದೂ ಆ ಡಾಕ್ಟರರೇ. ಮೂರನೆಯವರು ಭಾಲ್ಕಿಯ ಒಬ್ಬ ಹಳೆಯ ಗುತ್ತಿಗೆದಾರರ ಮಕ್ಕಳು. ಮೂರೂ ಮನೆಗಳಲ್ಲಿ ಪ್ರೊಜೆಕ್ಟರ್ ಇತ್ತು, ಮೂರೂ ಕೆಟ್ಟಿದ್ದವು. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಓಡುವ ಫಿಲಂಗೆ ಈ ಯಂತ್ರ ಆದೀತು, ಹಂಚಿಕೊಂಡು ಕೊಳ್ಳುವುದಾದರೆ. ನಿಂತ ಚಿತ್ರಗಳಿಗೆ, ಎಂದರೆ ನೆಗೆಟಿವ್ ಮತ್ತು ಸ್ಲೈಡುಗಳಿಗೆ, ಇದೇ ಜಾತಿಯ ಪುಟ್ಟ ಡಬ್ಬಿ ಯಂತ್ರಗಳು ಸಿಗುತ್ತವೆ. ಅವುಗಳನ್ನು ಪುಕ್ಕಟೆ ಕೊಟ್ಟರೂ ಬೇಡವೆನ್ನಿ. ಇದನ್ನೆಲ್ಲ ಹೇಳಲು ನಾನು ಯಾರು ಎಂದರೆ, ಚಿಕ್ಕಂದಿನ ಬೇಸಿಗೆ ರಜೆಗಳನ್ನು ಮಾವನ ಡಾರ್ಕ್ ರೂಮಿನಲ್ಲಿ ಫೋಟೋ ತೊಳೆಯುವ ಹೈಪೋ ದ್ರಾವಣ ಕಲಕುತ್ತ ಕಳೆದು, ಆಮೇಲೆ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ಫಿಲಂ ಅನ್ನು ಅಂಚಿನಲ್ಲಷ್ಟೇ ಹಿಡಿಯಬೇಕೆಂದು ಏಟು ತಿಂದು ಕಲಿತಿದ್ದೇನೆ.

ಯಂತ್ರದ ಹೊರಗೆ ಯಾವ ಕಂಪನಿಯ ಹೆಸರಿದ್ದರೂ ಒಳಗೆ ನಡೆಯುವ ಕೆಲಸ ಒಂದೇ. ಎಡಗಡೆಯ ಕಡ್ಡಿಗೆ ರೀಲು ಸಿಕ್ಕಿಸಬೇಕು. ಫಿಲಂ ಒಂದು ಕಿರಿದಾದ ಗೇಟಿನ ಮೂಲಕ ಹಾದು ಬಲಗಡೆಯ ಖಾಲಿ ರೀಲಿಗೆ ಸುತ್ತಿಕೊಳ್ಳುತ್ತದೆ. ಗೇಟಿನ ಹಿಂದೆ ಎಲ್‌ಇಡಿ ದೀಪ, ಮುಂದೆ ಸಣ್ಣ ಕ್ಯಾಮೆರಾ. ಒಂದು ಕೊಕ್ಕೆ ಫಿಲಂ ಅಂಚಿನ ತೂತಿಗೆ ಸಿಕ್ಕಿ ಒಂದು ಚೌಕಟ್ಟು, ಎಂದರೆ ಒಂದು ಚಿತ್ರದಷ್ಟು ಫಿಲಂ, ಎಳೆಯುತ್ತದೆ, ನಿಲ್ಲಿಸುತ್ತದೆ, ಕ್ಯಾಮೆರಾ ಫೋಟೋ ತೆಗೆಯುತ್ತದೆ, ಮತ್ತೆ ಎಳೆಯುತ್ತದೆ. ಯಂತ್ರ ಎಲ್ಲವನ್ನೂ ಜೋಡಿಸಿ ಒಂದು ಎಂಪಿ4 ವಿಡಿಯೋ ಫೈಲ್ ಮಾಡಿ ಎಸ್‌ಡಿ ಕಾರ್ಡಿಗೆ ಹಾಕುತ್ತದೆ. ಕಂಪ್ಯೂಟರ್ ಬೇಕಾಗಿಲ್ಲ. ಪ್ರೊಜೆಕ್ಟರ್‌ನ ಸುಡುವ ದೀಪವಿಲ್ಲ, ಅದರ ರಭಸವೂ ಇಲ್ಲ. ಐವತ್ತು ವರ್ಷ ಸುರುಳಿಯಲ್ಲೇ ಒಣಗಿದ ಫಿಲಂಗೆ ಈ ನಿಧಾನವೇ ದೊಡ್ಡ ಉಪಕಾರ.

ನಿಧಾನವೆಂದರೆ ಎಷ್ಟು? ಮೂರು ಇಂಚಿನ ಚಿಕ್ಕ ರೀಲಿನಲ್ಲಿ 50 ಅಡಿ ಫಿಲಂ ಇರುತ್ತದೆ. ಎಂಟು ಮಿಲಿಮೀಟರ್ ಫಿಲಂನ ಎರಡು ಬಗೆಗಳಲ್ಲಿ ಹೊಸದಾದ ಸೂಪರ್ 8 ಆದರೆ ಅಡಿಗೆ 72 ಚೌಕಟ್ಟು, ಒಟ್ಟು 3,600. ಯಂತ್ರ ಸೆಕೆಂಡಿಗೆ ಎರಡರಂತೆ ತೆಗೆಯುತ್ತದೆ, ಹಾಗಾಗಿ ಅರ್ಧ ಗಂಟೆ. ಅಷ್ಟು ಹೊತ್ತು ಕಾದರೆ ಸಿಗುವುದು ಮೂರು ನಿಮಿಷ ಚಿಲ್ಲರೆ ಸಿನಿಮಾ. ಏಳು ಇಂಚಿನ ದೊಡ್ಡ ರೀಲಿನಲ್ಲಿ 400 ಅಡಿ, ಅದಕ್ಕೆ ನಾಲ್ಕು ಗಂಟೆ. ನಡುವೆ ಕರೆಂಟು ಹೋದರೆ ಅಲ್ಲಿಯವರೆಗಿನ ಫೈಲ್ ಮುಚ್ಚಿಕೊಳ್ಳದೆ ಹಾಳಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಇನ್ವರ್ಟರ್‌ಗೆ ಸಿಕ್ಕಿಸದೆ ಈ ಕೆಲಸಕ್ಕೆ ಕೂರಬಾರದು. ಕೈಪಿಡಿಯಲ್ಲಿ ಈ ಮಾತಿಲ್ಲ. ಕೈಪಿಡಿ ಬರೆದವರ ಊರಿನಲ್ಲಿ ಕರೆಂಟು ಹೋಗುವುದಿಲ್ಲವೇನೋ.

ಇನ್ನು ಯಂತ್ರದ ದೊಡ್ಡ ದಡ್ಡತನ. ಅದು ಎಲ್ಲ ಫಿಲಂಗಳನ್ನೂ ಸೆಕೆಂಡಿಗೆ 20 ಚೌಕಟ್ಟಿನ ವೇಗದಲ್ಲಿ ಜೋಡಿಸುತ್ತದೆ. ಸೂಪರ್ 8 ಮನೆ ಸಿನಿಮಾಗಳನ್ನು ತೆಗೆಯುತ್ತಿದ್ದದ್ದು ಸಾಮಾನ್ಯವಾಗಿ 18ರಲ್ಲಿ, ಅದಕ್ಕೂ ಹಳೆಯ ರೆಗ್ಯುಲರ್ 8 ಅನ್ನು 16ರಲ್ಲಿ. ಅದರ ಪರಿಣಾಮವಾಗಿ ಜಾತ್ರೆಯಲ್ಲಿ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆಂಬಂತೆ ಓಡಾಡುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರ ತೇರು ಗಡಗಡ ಉರುಳಿದ್ದನ್ನು ನೋಡಿ ಅತ್ತೆ, “ತೇರು ಇಷ್ಟು ಜೋರಾಗಿ ಹೋದರೆ ಜನ ಉಳಿಯುತ್ತಾರೇನು? ನಿನ್ನ ಯಂತ್ರಕ್ಕೆ ಬುದ್ಧಿ ಇಲ್ಲ” ಎಂದರು. ಅದಕ್ಕೆ ಮದ್ದು ಸುಲಭ. ಯಾವುದೇ ವಿಡಿಯೋ ಎಡಿಟಿಂಗ್ ತಂತ್ರಾಂಶದಲ್ಲಿ ಸೂಪರ್ 8 ಫೈಲಿನ ವೇಗವನ್ನು ಶೇಕಡ 90ಕ್ಕೆ, ರೆಗ್ಯುಲರ್ 8 ಫೈಲಿನದನ್ನು ಶೇಕಡ 80ಕ್ಕೆ ಇಳಿಸಿದರೆ ಮನುಷ್ಯರು ಮನುಷ್ಯರಂತೆ ನಡೆಯುತ್ತಾರೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಆದರೆ ಈ ಸೌಲಭ್ಯವನ್ನು ಯಂತ್ರದೊಳಗೇ ಇಡಲು ತಯಾರಕರಿಗೆ ಏನು ಕಷ್ಟವಿತ್ತು?

ನಿಮ್ಮ ಬಳಿ ಇರುವುದು ಯಾವ ಫಿಲಂ ಎಂದು ತಿಳಿಯಲು ತೂತು ನೋಡಿ. ಎರಡರ ಅಗಲವೂ ಎಂಟು ಮಿಲಿಮೀಟರೇ. ರೆಗ್ಯುಲರ್ 8ರ ತೂತು ದೊಡ್ಡದು, ಎರಡು ಚೌಕಟ್ಟುಗಳ ನಡುವಿನ ಗೆರೆಗೆ ಸರಿಯಾಗಿ ಇರುತ್ತದೆ. ಸೂಪರ್ 8ರದು ಚಿಕ್ಕದು, ಚೌಕಟ್ಟಿನ ಮಧ್ಯಕ್ಕೆ ಇರುತ್ತದೆ. ತೂತು ಸಣ್ಣದು ಮಾಡಿ ಉಳಿಸಿದ ಜಾಗವನ್ನು ಚಿತ್ರಕ್ಕೆ ಕೊಟ್ಟರು. ಕೊಡಕ್ 1965ರಲ್ಲಿ ತಂದ ಈ ಬದಲಾವಣೆಗೆ ‘ಸೂಪರ್’ ಎಂಬ ಹೆಸರು ಬಂದದ್ದು ಹೀಗೆ. ರೆಗ್ಯುಲರ್ 8 ಬಂದದ್ದು 1932ರಲ್ಲಿ. ಯಂತ್ರದ ಮೆನುವಿನಲ್ಲಿ ಯಾವುದೆಂದು ಆರಿಸದಿದ್ದರೆ ಚಿತ್ರ ಅರ್ಧಕ್ಕೆ ಕತ್ತರಿಸಿದಂತೆ ಬರುತ್ತದೆ.

ಈ ತೂತಿನ ಜ್ಞಾನದಿಂದ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯವೇ ನಡೆಯಿತು. ಟ್ರಂಕಿನಲ್ಲಿದ್ದ ಒಂದು ಹಳದಿ ಡಬ್ಬಿಯ ಮೇಲೆ ಮಾವನ ಕೈಬರಹದಲ್ಲಿ ‘ಮದುವೆ’ ಎಂದಷ್ಟೇ ಇತ್ತು. ಅದು ತನ್ನ ಮದುವೆಯದೇ ಎಂದು ಅತ್ತೆ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಅವರ ಮದುವೆ ಆದದ್ದು 1962ರಲ್ಲಿ. ರೀಲು ಬಿಚ್ಚಿದರೆ ಸಣ್ಣ ತೂತು, ಸೂಪರ್ 8. ಹುಟ್ಟದ ಫಿಲಂನಲ್ಲಿ ಮದುವೆ ತೆಗೆಯಲು ಹೇಗೆ ಸಾಧ್ಯ? ನಾನು ಇದನ್ನು ಹೇಳಿದಾಗ ಅತ್ತೆ, “ನನ್ನ ಮದುವೆ ನನಗೆ ಗೊತ್ತಿಲ್ಲವೇನೋ, ನಿನಗೆ ತೂತು ನೋಡಿ ಗೊತ್ತಾಯಿತೇ?” ಎಂದು ಎರಡು ದಿನ ಮುನಿಸಿಕೊಂಡರು. ಟಿವಿಯಲ್ಲಿ ಹಾಕಿದಾಗ ಬಾಸಿಂಗ ಕಟ್ಟಿಕೊಂಡವಳು ಅವರ ತಂಗಿ ಎಂದು ತಿಳಿಯಿತು. ಅಕ್ಷತೆ ಹಾಕುವವರ ಸಾಲಿನಲ್ಲಿ ಅತ್ತೆಯೇ ನಿಂತಿದ್ದರು, ಸೊಂಟದ ಮೇಲೆ ದೊಡ್ಡ ಮಗ. “ನೋಡು, ಅವತ್ತು ಉಟ್ಟ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ” ಎಂದರೇ ಹೊರತು ಸೋತೆ ಎನ್ನಲಿಲ್ಲ. ಕೊಡಕ್ ಫಿಲಂ ಅಂಚಿನಲ್ಲಿ ತಯಾರಾದ ವರ್ಷ ಸೂಚಿಸುವ ಗುರುತುಗಳೂ ಇರುತ್ತವೆ, ವೃತ್ತ, ಚೌಕ, ತ್ರಿಕೋನ ಹೀಗೆ. ಒಂದೇ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮರಳುತ್ತಿತ್ತು. ದನಿಯೆತ್ತುವ ಮುಂಚೆ ಅವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಆ ಸೀರೆಯ ಕೆಂಪು ಟಿವಿಯಲ್ಲಿ ಹೊಸದರಂತೆ ಬಂತು. ಅದು ಕೊಡಕ್ರೋಮ್, ಕೊಡಕ್‌ನ ಒಂದು ಬಣ್ಣದ ಫಿಲಂ. ಕತ್ತಲಲ್ಲಿ ಇಟ್ಟರೆ ಆ ಫಿಲಂನ ಬಣ್ಣ ಅಷ್ಟು ಬೇಗ ಹೋಗುವುದಿಲ್ಲ. ಡಾಕ್ಟರರ ಮನೆಯ ಬೇರೊಂದು ಜಾತಿಯ ಬಣ್ಣದ ರೀಲು ಪೂರ್ತಿ ಗುಲಾಬಿಗೆ ತಿರುಗಿತ್ತು. ಮರ, ಆಕಾಶ, ಮನುಷ್ಯ ಎಲ್ಲವೂ ಒಂದೇ ಬಣ್ಣ. ಯಂತ್ರದಲ್ಲಿ ಬಣ್ಣ ತಿದ್ದುವ ಅವಕಾಶ ಹೆಸರಿಗಷ್ಟೇ ಇದೆ, ಆ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಬೇಕು.

ಚಿತ್ರದ ಗುಣಮಟ್ಟಕ್ಕೆ ಬರೋಣ. ಸೂಪರ್ 8ರ ಒಂದು ಚೌಕಟ್ಟು ಆರು ಮಿಲಿಮೀಟರ್ ಅಗಲವೂ ಇಲ್ಲ, ಎತ್ತರ ನಾಲ್ಕೇ ಮಿಲಿಮೀಟರ್. ಅದರಿಂದ ಹೊರಡುವ ವಿವರಕ್ಕೆ 1080ಪಿ, ಎಂದರೆ ಮಾಮೂಲಿ ಎಚ್‌ಡಿ ಟಿವಿಯ ಸ್ಪಷ್ಟತೆ, ಸಾಕು; ಅದಕ್ಕಿಂತ ಸೂಕ್ಷ್ಮವಾದ 4ಕೆ ಎಂದು ಬಾಯಿ ಬಿಡುವವರನ್ನು ನಂಬಬೇಡಿ. ಯಂತ್ರ ಸೋಲುವುದು ಅಲ್ಲಲ್ಲ, ಫೈಲನ್ನು ಒತ್ತಿ ಚಿಕ್ಕದು ಮಾಡುವಲ್ಲಿ. ಮಾವ ಬೀದರಿನ ಗವಾನ್ ಮದರಸಾ ಮುಂದೆ ಕ್ಯಾಮೆರಾವನ್ನು ನಿಧಾನವಾಗಿ ಮೇಲೆತ್ತುತ್ತ ಮಿನಾರನ್ನು ತೆಗೆದಿದ್ದಾರೆ. 1472ರ ಕಟ್ಟಡ, ಅದರ ಬಣ್ಣದ ಹೆಂಚುಗಳ ಸಾಲು. ಕ್ಯಾಮೆರಾ ನಿಂತಿರುವಾಗ ಹೆಂಚುಗಳು ಎಣಿಸುವಷ್ಟು ಸ್ಪಷ್ಟ. ಅದು ಚಲಿಸಿದ ಕೂಡಲೇ ಹೆಂಚುಗಳು ಕರಗಿ ಚೌಕ ಚೌಕವಾದ ಕಲೆಗಳಾಗುತ್ತವೆ. ಫಿಲಂನಲ್ಲಿ ಆ ದೋಷವಿಲ್ಲ; ಭೂತಗನ್ನಡಿ ಇಟ್ಟು ನೋಡಿದೆ, ಪ್ರತಿ ಚೌಕಟ್ಟೂ ಚೊಕ್ಕವಾಗಿದೆ. ಮೆನುವಿನಲ್ಲಿ ‘ಶಾರ್ಪ್‌ನೆಸ್’ ಎಂಬುದನ್ನು ತೀರ ಕೆಳಗೆ ಇಳಿಸಿದರೆ ಈ ಕಾಟ ಸ್ವಲ್ಪ ಕಡಿಮೆಯಾಗುತ್ತದೆ. ಅದು ಮೇಲಿದ್ದರೆ ಫಿಲಂನ ಕಣಗಳನ್ನೇ ವಿವರವೆಂದು ಎತ್ತಿ ತೋರಿಸಿ ಎಲ್ಲವನ್ನೂ ಕೆಡಿಸುತ್ತದೆ.

ಬೆಳಕನ್ನು ಯಂತ್ರ ತಾನೇ ಹೊಂದಿಸಿಕೊಳ್ಳುತ್ತದೆ, ಅದನ್ನು ಸಂಪೂರ್ಣ ನಿಲ್ಲಿಸಲು ಬರುವುದಿಲ್ಲ. ಕೋಟೆಯ ಕಮಾನಿನ ಕತ್ತಲಿನಿಂದ ಜನ ಬಿಸಿಲಿಗೆ ಬರುವ ದೃಶ್ಯದಲ್ಲಿ ಚಿತ್ರ ಮಿಟುಕುತ್ತದೆ. ಶಬ್ದವಂತೂ ಇಲ್ಲವೇ ಇಲ್ಲ. 1973ರ ನಂತರದ ಕೆಲವು ಸೂಪರ್ 8 ಫಿಲಂಗಳ ಅಂಚಿನಲ್ಲಿ ಕಂದು ಬಣ್ಣದ ಕಾಂತಪಟ್ಟಿ ಇರುತ್ತದೆ, ಅದರಲ್ಲಿ ಧ್ವನಿ ಇರುತ್ತದೆ. ಈ ಯಂತ್ರಕ್ಕೆ ಅದು ಕೇಳಿಸುವುದಿಲ್ಲ. ಸತ್ತವರ ದನಿ ಇರುವ ರೀಲನ್ನು ಇದಕ್ಕೆ ಹಾಕಿ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಹಾಗಿದ್ದರೂ ಯಾಕೆ ಕೊಳ್ಳಿ ಎನ್ನುತ್ತೇನೆ? ಹಿಂದೊಮ್ಮೆ ಹೈದರಾಬಾದಿನ ಒಂದು ಅಂಗಡಿಗೆ ನಾಲ್ಕಾರು ರೀಲು ಕೊಟ್ಟಿದ್ದೆವು. ಅವರು ಗೋಡೆಗೆ ಪ್ರೊಜೆಕ್ಟರ್ ಬಿಟ್ಟು ಎದುರಿಗೆ ವಿಡಿಯೋ ಕ್ಯಾಮೆರಾ ಇಟ್ಟು ತೆಗೆದು, ಸಿಡಿ ಮಾಡಿ ಕೈಗಿಟ್ಟರು. ನಡುವೆ ಬೆಳಕಿನ ಬೊಬ್ಬೆ, ಅಂಚಿನಲ್ಲೆಲ್ಲ ಕತ್ತಲು, ಪ್ರೊಜೆಕ್ಟರಿನ ಷಟರ್ ಒಂದು ತಾಳ, ಕ್ಯಾಮೆರಾದ್ದು ಇನ್ನೊಂದು ತಾಳ, ಹಾಗಾಗಿ ಉದ್ದಕ್ಕೂ ಮಿಣಮಿಣ. ಸಾಲದ್ದಕ್ಕೆ ಒಂದು ರೀಲು ನಡುವೆ ಹರಿದು ಬಂತು. ಅದಕ್ಕೆ ಹೋಲಿಸಿದರೆ ಈ ಯಂತ್ರ ದೇವರು. ಚೌಕಟ್ಟು ಅಲ್ಲಾಡುವುದಿಲ್ಲ, ಬೆಳಕು ಮೂಲೆಯಿಂದ ಮೂಲೆಗೆ ಸಮ, ಫಿಲಂ ನಮ್ಮ ಕಣ್ಣೆದುರೇ ಇರುತ್ತದೆ.

ಆದರೆ ಯಂತ್ರ ಮಾಡುವುದು ಕಾಲು ಭಾಗದ ಕೆಲಸ. ಮಿಕ್ಕಿದ್ದೆಲ್ಲ ಮೊದಲೇ ಕೈಯಿಂದ ಆಗಬೇಕು. ಬೀದರಿನ ಜಂಬಿಟ್ಟಿಗೆ ಧೂಳು ಟ್ರಂಕಿನ ಬೀಗದ ತೂತಿನಿಂದಲೂ ನುಗ್ಗುವಂಥದ್ದು. ಆ ಕೆಂಪು ಧೂಳಿನ ಒಂದು ಕಣ ಗೇಟಿನಲ್ಲಿ ಕೂತರೆ ಇಡೀ ರೀಲಿನ ಉದ್ದಕ್ಕೂ ಗೀರು ಎಳೆಯುತ್ತದೆ. ಅದಕ್ಕೇ ರೀಲನ್ನು ಒಮ್ಮೆ ಪೂರ್ತಿ ಕೈಯಿಂದ ಬಿಚ್ಚಿ ಸುತ್ತುತ್ತ, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು. ಶೇಕಡ 99ರ ಶುದ್ಧತೆಯದ್ದೇ ಆಗಬೇಕು. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಇದೆಯಲ್ಲ ಎಂದು ಡಾಕ್ಟರರ ಮೊಮ್ಮಗ ಬಾಟಲಿ ಹಿಡಿದು ಬಂದ. ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ ಎಂದು ಬೈದು ಕಳಿಸಿದೆ. ಬೂಷ್ಟು ಹಿಡಿದ ಫಿಲಂಗೆ ನೀರು ತಾಗಿದರೆ, ಬೂಷ್ಟು ತಿಂದು ಸಡಿಲವಾದ ಜೆಲಾಟಿನ್ ಚಿತ್ರದ ಸಮೇತ ಬಟ್ಟೆಗೆ ಬಂದುಬಿಡುತ್ತದೆ. ಕಾಂತಪಟ್ಟಿ ಇರುವ ಫಿಲಂಗೆ ಆಲ್ಕೋಹಾಲನ್ನೂ ಹಚ್ಚಬೇಡಿ, ಪಟ್ಟಿ ಕಿತ್ತು ಬರಬಹುದು.

ಹಳೆಯ ಜೋಡಣೆಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಬೇಕು. ಮಾವ ಸಿಮೆಂಟ್ ಎಂಬ ಫಿಲಂ ಅಂಟು ಹಾಕಿ ಜೋಡಿಸಿದ್ದವು ಒಣಗಿ ಬಿಟ್ಟುಕೊಂಡಿದ್ದವು. ಅವನ್ನು ಕೂಡಿಸಲು ಎಂಟು ಮಿಲಿಮೀಟರಿನದೇ ಸ್ಪ್ಲೈಸರ್, ಎಂದರೆ ಫಿಲಂ ತುದಿಗಳನ್ನು ಜೋಡಿಸುವ ಸಾಧನ, ಮತ್ತು ತೂತಿರುವ ಟೇಪು ಬೇಕು. ಮಾವನ ಡಬ್ಬಿಯಲ್ಲಿ ಸ್ಪ್ಲೈಸರ್ ಇತ್ತು, ಟೇಪನ್ನು ಆನ್‌ಲೈನಿನಲ್ಲಿ ತರಿಸಿದೆ. ಮನೆಯಲ್ಲಿರುವ ಸೆಲ್ಲೋ ಟೇಪಿನ ಗೋಂದು ಬಿಸಿಲಿಗೆ ಒಸರಿ ಪಕ್ಕದ ಸುತ್ತಿಗೂ ಅಂಟುತ್ತದೆ, ಅದನ್ನು ಹತ್ತಿರ ಸೇರಿಸಬೇಡಿ.

ಭಾಲ್ಕಿಯವರ ರೀಲುಗಳ ಕಥೆ ಬೇರೆ. ಕಾರಂಜಾ ನೀರಾವರಿ ಯೋಜನೆಯ ಕೆಲಸ ನಡೆಯುವಾಗ ತೆಗೆದ ಚಿತ್ರಗಳು, ತಗಡಿನ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದರು. ಮುಚ್ಚಳ ತೆಗೆದ ಕೂಡಲೇ ಹಳೆಯ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಈ ಫಿಲಂಗಳ ಆಧಾರ ಅಸಿಟೇಟ್. ಸೆಖೆಗೆ, ತೇವಕ್ಕೆ ಅದು ಕೊಳೆಯುತ್ತ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ಕೊಳೆಯುವುದನ್ನು ಇನ್ನಷ್ಟು ಚುರುಕು ಮಾಡುತ್ತದೆ. ಬಿಗಿ ಡಬ್ಬಿಯಲ್ಲಿ ಆವಿ ಹೊರಹೋಗಲು ದಾರಿಯಿಲ್ಲ. ಪಕ್ಕದಲ್ಲಿಟ್ಟ ಒಳ್ಳೆಯ ರೀಲಿಗೂ ಅದು ತಗಲುತ್ತದೆ. ಅಂಥ ಫಿಲಂ ಕುಗ್ಗುತ್ತದೆ. ನೂರಕ್ಕೆ ಒಂದು ಪಾಲು ಕುಗ್ಗಿದರೂ ಯಂತ್ರದ ಕೊಕ್ಕೆಗೆ ತೂತು ಸರಿಯಾಗಿ ಸಿಗುವುದಿಲ್ಲ, ಚಿತ್ರ ಕುಪ್ಪಳಿಸುತ್ತದೆ. ಒಂದು ರೀಲಂತೂ ಬಾಗಿ ಗೇಟಿನೊಳಗೆ ಮಟ್ಟಸವಾಗಿ ಕೂರಲೇ ಇಲ್ಲ. ಅದನ್ನು ಎಳೆದಾಡದೆ ಬೇರೆ ತೆಗೆದಿಟ್ಟೆವು. ತೂತನ್ನು ಹಿಡಿಯದೆ ಉರುಳೆಗಳ ಮೇಲೆ ಫಿಲಂ ಸಾಗಿಸುವ ವೃತ್ತಿಪರ ಸ್ಕ್ಯಾನರ್‌ಗಳಿವೆ, ಅಂಥ ರೀಲುಗಳನ್ನು ಅಲ್ಲಿಗೇ ಕಳಿಸಬೇಕು, ಖರ್ಚಾದರೂ. ನಿಮ್ಮ ಮನೆಯಲ್ಲಿ ಹತ್ತು ಡಬ್ಬಿ ಇದ್ದರೆ ಎಲ್ಲವನ್ನೂ ಮೂಸಿ ನೋಡಿ, ವಾಸನೆ ಇರುವುದನ್ನೇ ಮೊದಲು ಕೈಗೆತ್ತಿಕೊಳ್ಳಿ.

ನಿಂತ ಚಿತ್ರಗಳ ಡಬ್ಬಿ ಯಂತ್ರವನ್ನು ಬೈಯುವುದಾಗಿ ಮೊದಲೇ ಮಾತು ಕೊಟ್ಟಿದ್ದೇನೆ. ಡಾಕ್ಟರರ ಮನೆಯಲ್ಲಿ ಒಂದಿತ್ತು. 35 ಮಿಲಿಮೀಟರ್ ನೆಗೆಟಿವ್ ತೂರಿಸಿ ಗುಂಡಿ ಒತ್ತಿದರೆ ಮೂರು ಸೆಕೆಂಡಿನಲ್ಲಿ ಜೆಪೆಗ್ ಚಿತ್ರದ ಫೈಲ್. ಪೆಟ್ಟಿಗೆಯ ಮೇಲೆ 22 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರ; ಒಳಗಿನ ಸೆನ್ಸರ್‌ನದು 14, ಮಿಕ್ಕಿದ್ದು ಲೆಕ್ಕ ಹಾಕಿ ತುಂಬಿದ್ದು. ಚಿತ್ರದ ನಾಲ್ಕೂ ಅಂಚನ್ನು ಕಚ್ಚುತ್ತದೆ. ಬಿಳಿ ಪೈಜಾಮ, ಬಿಳಿ ಟೋಪಿ ಇರುವ ಫೋಟೋಗಳಲ್ಲಿ ಬಿಳಿಯೆಲ್ಲ ಸುಣ್ಣ ಬಳಿದಂತೆ ಸಪಾಟು, ನೆರಳೆಲ್ಲ ಮಸಿ.

ಬದಲಿಗೆ ನಾವು ಮಾಡಿದ್ದು ಇದು. ನೆಗೆಟಿವ್‌ನಿಂದ ದೊಡ್ಡ ಫೋಟೋ ಮುದ್ರಿಸುವ ಮಾವನ ಎನ್‌ಲಾರ್ಜರ್ ತುಕ್ಕು ಹಿಡಿಯದೆ ಹಾಗೇ ಇತ್ತು. ಅದರ ತಲೆಯನ್ನು ಬಿಚ್ಚಿ, ಅದೇ ಕಂಬಕ್ಕೆ ಮಗನ 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಕೆಳಮುಖವಾಗಿ ಬಿಗಿದೆವು, ಮುಂದೆ ಹತ್ತಿರದ ಸಣ್ಣ ವಸ್ತು ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್. ಕೆಳಗೆ ಎಲ್‌ಇಡಿ ಬೆಳಕಿನ ಹಲಗೆ, ಬಣ್ಣ ನಿಖರವಾಗಿ ತೋರಿಸುವಂಥದ್ದು, ಆ ನಿಖರತೆಯ ಅಳತೆಯಾದ ಸಿಆರ್‌ಐ 95ಕ್ಕಿಂತ ಮೇಲಿನದು. ನೆಗೆಟಿವ್ ಹಿಡಿಯಲು ಎನ್‌ಲಾರ್ಜರಿನದೇ ಕ್ಯಾರಿಯರ್. ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡಲು ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟರೆ ಸಾಕು. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಕಂಡರೆ ಮಟ್ಟಸ. ಸರ್ವೆಯವನಿಗೆ ಇದಕ್ಕಿಂತ ಖುಷಿ ಕೊಡುವ ಕೆಲಸ ಬೇರೆ ಇಲ್ಲ. 36 ಮಿಲಿಮೀಟರ್ ಉದ್ದದ ಚಿತ್ರಕ್ಕೆ 6,000 ಪಿಕ್ಸೆಲ್ ಸಿಗುತ್ತದೆ, ಎಂದರೆ ಇಂಚಿಗೆ ಸುಮಾರು 4,200. ಕ್ಯಾಮೆರಾ ಕಂಡದ್ದನ್ನು ಒತ್ತಿ ಕುಗ್ಗಿಸದೆ ಇಡುವ ರಾ ಫೈಲ್ ಆದ್ದರಿಂದ ಬಿಳಿಯೂ ಉಳಿಯುತ್ತದೆ, ನೆರಳೂ ಉಳಿಯುತ್ತದೆ. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆ ತೆಗೆದು ಪಾಸಿಟಿವ್ ಮಾಡಲು ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ನೆಗಾಡಾಕ್ಟರ್ ಎಂಬ ವಿಭಾಗವೇ ಇದೆ.

ಗಾಜಿನ ಮೇಲೆ ಮಲಗಿಸಿ ಪ್ರತಿ ತೆಗೆಯುವ ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವವರು ಒಂದು ವಿಷಯ ತಿಳಿದಿರಬೇಕು. ಧೂಳು ತಾನೇ ಅಳಿಸುವ ಅವಗೆಂಪು (ಇನ್‌ಫ್ರಾರೆಡ್) ಕಿರಣದ ಸೌಲಭ್ಯ ಕಪ್ಪುಬಿಳುಪು ಫಿಲಂಗೆ ನಡೆಯುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ‘ಇಂದು’ ಫಿಲಂ ಮಾವನ ಸ್ಟುಡಿಯೋದಲ್ಲಿ ಪೆಟ್ಟಿಗೆಗಟ್ಟಲೆ ಖರ್ಚಾಗುತ್ತಿತ್ತು. ಅದರಲ್ಲಿ ಚಿತ್ರ ಮೂಡುವುದು ಬೆಳ್ಳಿಯಿಂದ. ಬೆಳ್ಳಿಯೂ ಧೂಳಿನಂತೆಯೇ ಅವಗೆಂಪು ಕಿರಣವನ್ನು ತಡೆಯುತ್ತದೆ, ಯಂತ್ರಕ್ಕೆ ವ್ಯತ್ಯಾಸ ತಿಳಿಯದೆ ಮೂಗು ಕಿವಿಗಳನ್ನೇ ಅಳಿಸಲು ಹೊರಡುತ್ತದೆ.

ನೆಗೆಟಿವ್ ತಲೆಕೆಳಗಾದರೆ ಗೊತ್ತಾಗುತ್ತದೆ, ಮಗುಚಿ ಇಟ್ಟರೆ ಗೊತ್ತಾಗುವುದಿಲ್ಲ. ಮಂದವಾಗಿ ಕಾಣುವ ಮೈ ಔಷಧ ಬಳಿದ ಮೈ. ಅನುಮಾನವಿದ್ದರೆ ಚಿತ್ರದಲ್ಲಿ ಅಂಗಡಿಯ ಬೋರ್ಡು ಹುಡುಕಿ, ಆದರೆ ನಮ್ಮ ಊರಿನಲ್ಲಿ ಅದಕ್ಕೂ ಹುಷಾರಾಗಿರಬೇಕು: ಹಳೆಯ ಬೋರ್ಡುಗಳಲ್ಲಿ ಅನೇಕವು ಉರ್ದು, ಈಗಿನ ಹುಡುಗರಿಗೆ ಅದು ಮಗುಚಿದರೂ ಒಂದೇ, ನೆಟ್ಟಗಿದ್ದರೂ ಒಂದೇ. ಡಾಕ್ಟರರ ಮೊಮ್ಮಗ ಚೌಬಾರಾದ ಒಂದು ಸಾಲು ಅಂಗಡಿಗಳನ್ನು ಪೂರ್ತಿ ಎದುರು ಬದಿಗೆ ದಾಟಿಸಿದ್ದ. ಅತ್ತೆ ಉರ್ದು ಮಾಧ್ಯಮದಲ್ಲಿ ಓದಿದವರು, ದೂರದಿಂದಲೇ ಹಿಡಿದರು.

ಯಂತ್ರ ಈಗ ಭಾಲ್ಕಿಯಲ್ಲಿದೆ. ಅವರ ಕೆಲಸ ಮುಗಿದ ಮೇಲೆ ಬೀದರಿನಲ್ಲಾಗಲಿ ಸುತ್ತಲಿನ ತಾಲ್ಲೂಕುಗಳಲ್ಲಾಗಲಿ ರೀಲು ಇರುವ ಇನ್ನೊಂದು ಮನೆಗೆ ಅರ್ಧ ಬೆಲೆಗೆ ಕೊಡಬೇಕೆಂದು ಮೂವರೂ ಒಪ್ಪಿದ್ದೇವೆ. ಕೊಳ್ಳುವವರಿಗೆ ಒಂದೇ ಷರತ್ತು: ಫೈಲ್ ಸಿಕ್ಕಿತೆಂದು ಮೂಲ ರೀಲನ್ನು ಗುಜರಿಗೆ ಹಾಕಕೂಡದು. ನಾಳೆ ಇದಕ್ಕಿಂತ ಒಳ್ಳೆಯ ಯಂತ್ರ ಬಂದಾಗ ಗವಾನ್ ಮದರಸಾದ ಹೆಂಚುಗಳನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಎನ್‌ಲಾರ್ಜರ್ ಕಂಬ ಮಾತ್ರ ಮಾರಾಟಕ್ಕಿಲ್ಲ.